ಚಿಕ್ಕಪ್ಪನ ಮಂಡಿಯಲ್ಲಿ ದಕ್ಷಿಣ ಧ್ರುವ

ನಮ್ಮ ಚಿಕ್ಕಪ್ಪ ಜೀವಮಾನದಲ್ಲಿ ಸಮುದ್ರ ನೋಡಿದ್ದು ಒಂದೇ ಸಲ. ಅದೂ ಬಸ್ಸಿನ ಕಿಟಕಿಯಿಂದ, ಅದೂ ಅರೆನಿದ್ದೆಯಲ್ಲಿ, ಅದೂ ಪಕ್ಕದ ಸೀಟಿನವರು ಭುಜ ಅಲುಗಾಡಿಸಿ ತೋರಿಸಿದ್ದರಿಂದ. "ಹೂಂ, ದೊಡ್ಡದಾಗಿದೆ" ಎಂದು ಒಪ್ಪಿಕೊಂಡು ಮತ್ತೆ ನಿದ್ದೆ ಹೋದರಂತೆ. ಇಂಥ ಮನುಷ್ಯ ಈಗ ಅರಸೀಕೆರೆ, ಬೇಲೂರು, ಹಳೇಬೀಡು ಮೂರೂ ಊರಿನಲ್ಲಿ ಹುಡುಕಿದರೂ ಸಿಗದಂಥ ಅಂಟಾರ್ಕ್ಟಿಕ ಸಮುದ್ರದ ಪಂಡಿತ ಎಂದರೆ ನೀವು ನಂಬುತ್ತೀರಾ? ನಂಬದಿದ್ದರೆ ಒಮ್ಮೆ ಅವರ ಎದುರು ಕುಳಿತು "ಈ ಸಲ ಸೆಕೆ ಜಾಸ್ತಿ ಅಲ್ವಾ?" ಎಂದು ಕೇಳಿ ನೋಡಿ. ಆಮೇಲೂ ನಿಮಗೆ ನಿಮ್ಮ ಬಸ್ಸು ಸಿಕ್ಕಿದರೆ ನನ್ನ ಹೆಸರು ಬದಲಾಯಿಸಿ!

ಚಿಕ್ಕಪ್ಪನ ಮನೆ ಹಳೇಬೀಡಿನಲ್ಲಿ, ಬಸದಿಗಳಿಗೆ ಹತ್ತಿರ. ಕೊಬ್ಬರಿ ಮಂಡಿ ಅರಸೀಕೆರೆಯಲ್ಲಿ. ನಾನು ಅವರ ಅಣ್ಣನ ಮಗಳು. ಅರಸೀಕೆರೆಯ ಕಚೇರಿಯೊಂದರಲ್ಲಿ ಗುಮಾಸ್ತೆ. ಭಾನುವಾರ ಬಂತೆಂದರೆ ಚಿಕ್ಕಮ್ಮನ ಕೈ ಅಡುಗೆ ತಿನ್ನಲು ಹಳೇಬೀಡಿಗೆ ಹೋಗಿಬಿಡುತ್ತೇನೆ. ಹಾಗಾಗಿ ಈ ಪ್ರಬಂಧದಲ್ಲಿ ಬರುವುದೆಲ್ಲ ಕಣ್ಣಾರೆ ಕಂಡದ್ದು, ಇಲ್ಲವೇ ಚಿಕ್ಕಮ್ಮ ಸಾಂಬಾರು ಬಡಿಸುತ್ತಾ ಹೇಳಿದ್ದು. ಎರಡನೆಯದರಲ್ಲಿ ಸ್ವಲ್ಪ ಒಗ್ಗರಣೆ ಸೇರಿರಬಹುದು.

ಚಿಕ್ಕಪ್ಪನ ಕಿವಿ ಸಾಮಾನ್ಯ ಕಿವಿಯಲ್ಲ. ಉಂಡೆ ಕೊಬ್ಬರಿಯನ್ನು ಕಿವಿಯ ಹತ್ತಿರ ಹಿಡಿದು ಒಂದೇ ಒಂದು ಸಲ ಅಲ್ಲಾಡಿಸಿದರೆ ಸಾಕು, ಒಳಗೆ ಹನಿ ನೀರು ಉಳಿದಿದೆಯೋ ಒಣಗಿದೆಯೋ ಹೇಳಿಬಿಡುತ್ತಾರೆ. ಮೂವತ್ತೈದು ವರ್ಷದ ಅಭ್ಯಾಸ ಮಂಡಿಯ ಬಾಗಿಲಲ್ಲೇ ನಿಲ್ಲುತ್ತದೆಯೇ? ಮದುವೆಯಲ್ಲಿ ಕೊಟ್ಟ ಉಡುಗೊರೆಯ ಡಬ್ಬಿ, ಔಷಧಿ ಬಾಟಲಿ, ಮುಚ್ಚಿದ ಲಕೋಟೆ, ಎಲ್ಲವೂ ಮೊದಲು ಕಿವಿಗೆ ಹೋಗಬೇಕು. ನಾನು ಕೊಂಡ ಹೊಸ ಮೊಬೈಲನ್ನೂ ಅಲ್ಲಾಡಿಸಿ ನೋಡಿ, "ಒಳ್ಳೇ ಮಾಲು, ಒಣಗಿದೆ" ಎಂದು ವಾಪಸು ಕೊಟ್ಟರು.

ಅವರ ಇನ್ನೊಂದು ವಿಶೇಷ, ಸೂರ್ಯನ ಜೊತೆಗಿನ ಒಪ್ಪಂದ. ಸೂರ್ಯ ಮುಳುಗಿದ ಮೇಲೆ ಊಟವಿಲ್ಲ ಎಂಬ ನೇಮ ಜೈನರ ಮನೆಗಳಲ್ಲಿ ಹೊಸದೇನಲ್ಲ. ನಾನೂ ಅದೇ ಮನೆತನದವಳೇ, ಆದರೆ ಕಚೇರಿ ಬಿಡುವ ಹೊತ್ತಿಗೆ ಸೂರ್ಯ ನನಗಾಗಿ ಕಾಯುವುದಿಲ್ಲವಾದ್ದರಿಂದ ಕಿಟಕಿಗೆ ಬೆನ್ನು ಹಾಕಿಕೊಂಡು ಉಣ್ಣುತ್ತೇನೆ. ಚಿಕ್ಕಪ್ಪ ಹಾಗಲ್ಲ. ಮಂಡಿಯ ಮುಂದೆ ಲಾರಿ ನಿಂತಿರಲಿ, ತೂಕ ಅರ್ಧಕ್ಕೆ ನಿಂತಿರಲಿ, ನಾಲ್ಕು ಗಂಟೆಯ ಬಸ್ಸಿಗೆ ಅವರು ಹತ್ತಲೇಬೇಕು. ಮನೆ ಸೇರಿ, ಉಂಡು, ಸೂರ್ಯ ಮುಳುಗಲು ಇನ್ನೂ ಹದಿನೈದು ನಿಮಿಷವಿರುವಾಗ ಬಾಯಿ ಮುಕ್ಕಳಿಸಿ ಮಹಡಿ ಹತ್ತುತ್ತಾರೆ. ಪಶ್ಚಿಮಕ್ಕೆ ಮುಖ ಮಾಡಿ ನಿಂತು, "ಸರಿ, ಈಗ ನೀನು ಹೊರಡಬಹುದು" ಎಂದು ಅಪ್ಪಣೆ ಕೊಡುವವರಂತೆ ನೋಡುತ್ತಾರೆ. ಸೂರ್ಯನೂ ಇದುವರೆಗೆ ಎದುರಾಡಿಲ್ಲ.

ಇಂಥವರ ಒಬ್ಬಳೇ ಮಗಳು ಸಮುದ್ರ ವಿಜ್ಞಾನ ಓದಿದಳು! ಓದಲಿ ಎಂದು ಚಿಕ್ಕಪ್ಪನೇ ಓದಿಸಿದರು. ಓದು ಎಂದರೆ ಪುಸ್ತಕದಲ್ಲಿರುವುದು, ಸಮುದ್ರವೂ ಪುಸ್ತಕದಲ್ಲೇ ಇರುತ್ತದೆ ಎಂದು ಅವರು ತಿಳಿದಿದ್ದರೇನೋ. ಹೋದ ವರ್ಷ ದೀಪಾವಳಿಗೆ ಬಂದವಳು, "ಅಪ್ಪ, ಅಂಟಾರ್ಕ್ಟಿಕದ ಕಡೆ ಹೋಗೋ ಹಡಗಲ್ಲಿ ನಂಗೂ ಜಾಗ ಸಿಕ್ಕಿದೆ. ನಾಲ್ಕು ತಿಂಗಳು. ಅಲ್ಲಿನ ಸಮುದ್ರದಲ್ಲಿ ಬಿಸಿ ಎಲ್ಲಿಂದ ಎಲ್ಲಿಗೆ ಹೋಗತ್ತೆ, ಸಿಹಿನೀರು ಎಲ್ಲಿಂದ ಎಲ್ಲಿಗೆ ಹೋಗತ್ತೆ ಅಂತ ಅಳೀಬೇಕು" ಎಂದಳು.

ಚಿಕ್ಕಪ್ಪ ಬೇಡ ಎಂದರು. ಅವಳು ಹೋಗುತ್ತೇನೆ ಎಂದಳು. ಇಬ್ಬರಿಗೂ ಒಂದೇ ಮೂಗು, ಒಂದೇ ಹಟ. ಮೂರು ದಿನ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು. ನಾಲ್ಕನೆಯ ದಿನ ಊಟಕ್ಕೆ ಕುಳಿತಾಗ ಚಿಕ್ಕಪ್ಪ ತಟ್ಟೆ ನೋಡುತ್ತಲೇ ಹೇಳಿದರು: "ಆ ಹಡಗಲ್ಲಿ ನೇಮ ಗೀಮ ಏನೂ ಉಳಿಯಲ್ಲ. ನೇಮ ಬಿಟ್ಟು ಬಂದೋಳು ಆಮೇಲೆ ಈ ಮನೇಲಿ ನನ್ನ ಪಂಕ್ತಿಗೆ ಕೂತ್ಕೊಳ್ಳೋದು ಬೇಡ."

ಅವಳು ತಟ್ಟೆಯಲ್ಲಿದ್ದುದನ್ನು ಪೂರ್ತಿ ಉಂಡು, ಎದ್ದು ತಟ್ಟೆ ತೊಳೆದಿಟ್ಟು ಒಳಗೆ ಹೋದಳು. ಹೊರಡುವ ದಿನ ಅವಳನ್ನು ರೈಲು ಹತ್ತಿಸಲು ಅರಸೀಕೆರೆ ಸ್ಟೇಷನ್ನಿಗೆ ಹೋದವರು ಚಿಕ್ಕಮ್ಮ ಮತ್ತು ನಾನು. ಮಂಡಿಯಿಂದ ಸ್ಟೇಷನ್ನಿಗೆ ಹತ್ತು ನಿಮಿಷದ ದಾರಿ, ಚಿಕ್ಕಪ್ಪ ಬರಲಿಲ್ಲ. ರೈಲು ಹೊರಟ ಮೇಲೆ ಮಂಡಿಗೆ ಬಂದು ನೋಡಿದರೆ ಕೊಬ್ಬರಿಯ ರಾಶಿಯ ನಡುವೆ ಕುಳಿತು ಒಂದೊಂದನ್ನೇ ಅಲ್ಲಾಡಿಸುತ್ತಿದ್ದರು. ಬೆಳಿಗ್ಗೆ ಬೇರೆ ಬೇರೆ ಮಾಡಿಟ್ಟಿದ್ದ ಮೂರು ರಾಶಿಯೂ ಒಂದಾಗಿತ್ತು. ಅವತ್ತು ಮೊದಲ ಸಲ ನಾಲ್ಕರ ಬಸ್ಸು ತಪ್ಪಿತು. ಮನೆ ಸೇರುವಷ್ಟರಲ್ಲಿ ಸೂರ್ಯ ಅಪ್ಪಣೆ ಕೇಳದೆಯೇ ಮುಳುಗಿದ್ದ. ಚಿಕ್ಕಪ್ಪ ಉಪವಾಸ ಮಲಗಿದರು.

ಅಲ್ಲಿಂದ ಅಪ್ಪ ಮಗಳ ನಡುವೆ ಮಾತಿಲ್ಲ. ಮಗಳೊಂದಿಗೆ ಮಾತಿಲ್ಲದ ಅಪ್ಪ ಏನು ಮಾಡಬೇಕು? ಬೇರೆಯವರಾಗಿದ್ದರೆ ಕೊರಗುತ್ತಿದ್ದರು, ಕುಡಿಯುತ್ತಿದ್ದರು. ನಮ್ಮ ಚಿಕ್ಕಪ್ಪ ಅಟ್ಲಾಸ್ ಕೊಂಡರು!

ಶಾಲಾ ಮಕ್ಕಳ ಅಟ್ಲಾಸ್. ಅದು ಸಾಲದಾಯಿತು. ನನ್ನ ಕಚೇರಿಗೆ ಬಂದು, "ದಕ್ಷಿಣದ ಸಮುದ್ರದ ಮೇಲೆ ಏನಾದ್ರೂ ಇದ್ರೆ ಆ ಯಂತ್ರದಲ್ಲಿ ತೆಗೆದುಕೊಡೇ. ಸುಮ್ನೆ, ಹೊತ್ತು ಹೋಗೋಕೆ" ಎಂದರು. ಹೊತ್ತು ಹೋಗದ ಮನುಷ್ಯ ಎಂದರೆ ನಮ್ಮ ಚಿಕ್ಕಪ್ಪನೇ ಸರಿ, ಉಸಿರಾಡಲು ಪುರುಸೊತ್ತಿಲ್ಲ! ಇಂಗ್ಲಿಷಿನಲ್ಲಿದ್ದುದನ್ನು ನಾನು ಕನ್ನಡದಲ್ಲಿ ಹೇಳಬೇಕು, ಅವರು ಮಂಡಿಯ ಹಳೆಯ ಚೀಟಿಗಳ ಹಿಂದೆ ಬರೆದುಕೊಳ್ಳಬೇಕು. ಒಂದು ತಿಂಗಳಲ್ಲಿ ನಾನು ಮರೆತೆ, ಅವರು ಕಲಿತರು.

ಅವರ ಪಾಠ ಹೀಗೆ: "ಚಳಿಗಾಲದಲ್ಲಿ ಅಲ್ಲಿ ಸಮುದ್ರವೇ ಹೆಪ್ಪುಗಟ್ಟುತ್ತೆ ಕಣೇ. ಹೆಪ್ಪುಗಟ್ಟೋವಾಗ ಉಪ್ಪನ್ನ ಹೊರಗೆ ತಳ್ಳಿಬಿಡುತ್ತೆ. ಆ ಉಪ್ಪುನೀರು ಭಾರ, ತಳಕ್ಕೆ ಇಳಿಯುತ್ತೆ. ಬೇಸಿಗೇಲಿ ಮಂಜುಗಡ್ಡೆ ಕರಗಿ ಸಿಹಿನೀರಾಗಿ ಮೇಲೆ ಕೂತ್ಕೊಳ್ಳುತ್ತೆ, ಮುಚ್ಚಳ ಮುಚ್ಚಿದ ಹಾಗೆ. ಉಷ್ಣ ದೇಶದಿಂದ ಬಂದ ಬಿಸಿ ನೀರೆಲ್ಲ ಆ ಮುಚ್ಚಳದ ಕೆಳಗೆ ಸಿಕ್ಕಿಹಾಕ್ಕೊಳ್ಳುತ್ತೆ. ಮೇಲೆ ತಣ್ಣಗೆ, ಕೆಳಗೆ ಬಿಸಿ!"

ಮಂಡಿಯ ಬಾಗಿಲಲ್ಲಿ ದಿನದ ಧಾರಣೆ ಬರೆಯುವ ಕರಿಹಲಗೆ ಇದೆ. ಧಾರಣೆಯ ಕೆಳಗೆ ಉಳಿದ ಜಾಗ ಸುಮ್ಮನೆ ಹಾಳಾಗುತ್ತಿತ್ತಲ್ಲ, ಅಲ್ಲಿ ಚಿಕ್ಕಪ್ಪ ದಕ್ಷಿಣ ಧ್ರುವದ ಸಮಾಚಾರ ಬರೆಯತೊಡಗಿದರು. ಒಂದು ದಿನ ಕಣಕಟ್ಟೆಯಿಂದ ಕೊಬ್ಬರಿ ತಂದ ರೈತರೊಬ್ಬರು ಹಲಗೆಯ ಮುಂದೆ ಬಹಳ ಹೊತ್ತು ನಿಂತು ಓದಿದರು.

"ಸಾವ್ಕಾರ್ರೇ, ಮೇಲೆ ತಣ್ಣಗೆ ಕೆಳಗೆ ಬಿಸಿ ಅಂತ ಬರ್ದೈತಲ್ಲ, ಇದ್ಯಾವ ಮಾಲು?"

"ಮಾಲಲ್ಲಪ್ಪ, ಸಮುದ್ರ. ಅಂಟಾರ್ಕ್ಟಿಕ."

"ಅಂಗಾದ್ರೆ ನಮ್ ಅಟ್ಟದಾಗೆ ಇರೋ ಕೊಬ್ರಿ ಈಗ ಇಳಿಸ್ಲೋ, ಇನ್ನೊಂದ್ ತಿಂಗ್ಳು ಬಿಡ್ಲೋ?"

ಚಿಕ್ಕಪ್ಪ ಗಂಭೀರವಾಗಿ, "ಅಲ್ಲಿ ಮಂಜು ಕರಗೋವರೆಗೂ ಬಿಡು" ಎಂದರು. ರೈತರು ಬಿಟ್ಟರು. ಆ ತಿಂಗಳು ಧಾರಣೆ ಏರಿತು. ಅಂದಿನಿಂದ ಕಣಕಟ್ಟೆಯ ಕಡೆಯವರು ಬಂದೊಡನೆ ಮೊದಲು ಕೇಳುವುದು, "ಮಂಜು ಎಲ್ಲೀಗ್ ಬಂತು ಸಾವ್ಕಾರ್ರೇ?"

ಮನೆಯಲ್ಲೂ ನೆಮ್ಮದಿಯಿಲ್ಲ. ಚಿಕ್ಕಮ್ಮನ ಉಪ್ಪಿನಕಾಯಿಯ ಗಾಜಿನ ಭರಣಿಯನ್ನು ತೊಳೆದು, ತಳಕ್ಕೆ ಅರಿಶಿನ ಬೆರೆಸಿದ ಉಪ್ಪುನೀರು ಹಾಕಿ, ಅದರ ಮೇಲೆ ಸೌಟಿನ ಬೆನ್ನಿಗೆ ತಾಗಿಸಿ ತಾಗಿಸಿ ಸಿಹಿನೀರು ಬಿಟ್ಟರು. ಕೆಳಗೆ ಹಳದಿ, ಮೇಲೆ ತಿಳಿ. ನಡುವೆ ಗೆರೆ ಎಳೆದಂತಿತ್ತು. ನೋಡಲು ನಿಜಕ್ಕೂ ಚೆಂದ. ಆದರೆ ಅದನ್ನು ನಡುಮನೆಯ ಸ್ಟೂಲಿನ ಮೇಲಿಟ್ಟು, "ಯಾರೂ ಧಪಧಪ ನಡೀಬೇಡಿ, ಸಮುದ್ರ ಕಲಕುತ್ತೆ" ಎಂದು ಕಾವಲು ಕುಳಿತರು. ರಜೆಗೆಂದು ಹೋಗಿದ್ದ ನಾನೂ ಸೇರಿ ಮೂರು ದಿನ ಆ ಮನೆಯಲ್ಲಿ ಎಲ್ಲರೂ ಬೆಕ್ಕಿನಂತೆ ಓಡಾಡಿದೆವು. ರುಬ್ಬುವ ಯಂತ್ರ ಹಾಕುವಂತಿಲ್ಲ, ಅಲುಗಾಟವಾಗುತ್ತದೆ. ಚಟ್ನಿಯಿಲ್ಲದ ಮೂರನೆಯ ಬೆಳಿಗ್ಗೆ ಚಿಕ್ಕಮ್ಮ ಭರಣಿಯನ್ನೂ ಗಂಡನನ್ನೂ ಒಮ್ಮೆ ನೋಡಿ ಅಂದರು:

"ಮೇಲೆ ತಣ್ಣಗೆ, ಒಳಗೆ ಬಿಸಿ. ಇದನ್ನ ಅಳೆಯೋಕೆ ಮಗಳು ಅಷ್ಟು ದೂರ ಯಾಕ್ರೀ ಹೋಗ್ಬೇಕಿತ್ತು? ಥರ್ಮಾಮೀಟರ್ ತಗೊಂಡು ಈ ಮನೇಲೇ ಇದ್ದಿದ್ರೆ ಆಗ್ತಿತ್ತು!"

ಚಿಕ್ಕಪ್ಪನಿಗೆ ಅದರಲ್ಲಿ ಕೇಳಿಸಿದ್ದು ಥರ್ಮಾಮೀಟರ್ ಮಾತ್ರ. ಸಂಜೆಯೇ ಮನೆಯ ಜ್ವರದ ಥರ್ಮಾಮೀಟರಿಗೆ ಮಂಡಿಯ ಹುರಿ ಕಟ್ಟಿ, ಬಿರಡೆ ಹಾಕಿದ ಖಾಲಿ ಬಾಟಲಿಗೆ ಜೋತುಬಿಟ್ಟು, ಹಳೇಬೀಡಿನ ಕೆರೆಗೆ ಇಳಿಸಿದರು. "ಒಂದು ಕಾಲದಲ್ಲಿ ನಮ್ಮೂರ ಹೆಸರಲ್ಲೇ ಸಮುದ್ರ ಇತ್ತು, ಗೊತ್ತಾ?" ಎಂದು ನನಗೆ ಸಮಜಾಯಿಷಿ ಬೇರೆ. ಕೆರೆಯ ಅಂಚಿನಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿದರು.

"ಯಾಕ್ ಸಾವ್ಕಾರ್ರೇ, ಕೆರೇಗೇನ್ ಜ್ವರ ಬಂದೈತಾ?"

"ತಳ ಎಷ್ಟು ಬಿಸಿ ಇದೆ ನೋಡ್ತಿದೀನಮ್ಮ."

ಹುರಿ ಎಳೆದು ನೋಡಿದರೆ ಪಾದರಸ ಇದ್ದಲ್ಲೇ ಇತ್ತು. ಜ್ವರದ ಥರ್ಮಾಮೀಟರಿಗೆ ಜ್ವರವಲ್ಲದೆ ಇನ್ನೇನು ಗೊತ್ತು ಪಾಪ! ಆ ಹೆಂಗಸರಲ್ಲಿ ಹಿರಿಯಳೊಬ್ಬಳು ಇಣುಕಿ ನೋಡಿ, "ಜ್ವರ ಏನಿಲ್ವಂತೆ ಕಣ್ರೇ, ಒಗೀರಿ" ಎಂದು ಉಳಿದವರಿಗೆ ಅಪ್ಪಣೆ ಕೊಟ್ಟಳು.

ಬೇಲೂರಿನ ಮದುವೆಯದನ್ನು ಹೇಳದಿದ್ದರೆ ನನಗೆ ಊಟ ಸೇರದು. ಮಂಡಿಯ ಗಿರಾಕಿಯೊಬ್ಬರ ಮಗಳ ಮದುವೆ, ಮಧ್ಯಾಹ್ನದ ಊಟ. ಮೊದಲ ಪಂಕ್ತಿಯಲ್ಲಿ ಎದ್ದವರು ಸಾರು ಸಪ್ಪೆ ಎಂದು ಗೊಣಗಿಕೊಂಡು ಹೋಗಿದ್ದರು. ನಾವು ಮೂರನೆಯ ಪಂಕ್ತಿ. ಬಾಯಿಗಿಟ್ಟರೆ ಉಪ್ಪೋ ಉಪ್ಪು! ನಾವೆಲ್ಲ ಮುಖ ಕಿವುಚಿದೆವು. ಚಿಕ್ಕಪ್ಪನ ಮುಖ ಮಾತ್ರ ಹುಣ್ಣಿಮೆಯಂತೆ ಅರಳಿತು. ಊಟದ ನಡುವೆ ಎಲೆ ಬಿಟ್ಟು ಏಳಬಾರದೆಂದು ನಮಗೆಲ್ಲ ಹೇಳಿಕೊಟ್ಟ ಮನುಷ್ಯ ಎಂಜಲು ಕೈಯಲ್ಲೇ ಎದ್ದು ಅಡುಗೆಮನೆಗೆ ನುಗ್ಗಿದರು.

"ಭಟ್ರೇ, ಜನ ಜಾಸ್ತಿ ಆದ್ರು ಅಂತ ಸಾರಿಗೆ ಮೇಲಿಂದ ನೀರು ಸುರಿದ್ರಿ, ಅಲ್ವಾ? ಆದ್ರೆ ಕೈಯಾಡಿಸ್ಲಿಲ್ಲ! ಸಿಹಿನೀರು ಮೇಲೆ ನಿಂತಿತು, ಉಪ್ಪು ತಳ ಹಿಡೀತು. ಇದೇ ಕಣ್ರೀ ಅಂಟಾರ್ಕ್ಟಿಕದ ಬೇಸಿಗೆ! ನಿಮ್ಮ ಕೊಪ್ಪರಿಗೇಲೇ ಇದೆ!"

ಬೆಂಕಿಯ ಮುಂದೆ ಬೆಳಗಿನಿಂದ ಬೆಂದಿದ್ದ ಭಟ್ಟರು ಬೆವರು ಒರೆಸಿಕೊಂಡರು. "ಯಜಮಾನ್ರೇ, ಆ ಊರಿನವರು ಇನ್ನೂ ಎಷ್ಟು ಜನ ಊಟಕ್ಕಿದಾರೆ ಹೇಳ್ಬಿಡಿ. ಅಷ್ಟು ನೀರು ಈಗ್ಲೇ ಹಾಕ್ಬಿಡ್ತೀನಿ."

ನಗುವುದೇನೋ ನಕ್ಕೆವು. ಆದರೆ ಭಾನುವಾರ ಬಂದರೆ ನನಗೆ ನಗು ಕಷ್ಟವಾಗುತ್ತಿತ್ತು. ಹಡಗಿನಿಂದ ಮಗಳ ಫೋನು ಬರುತ್ತಿದ್ದುದು ಭಾನುವಾರ ಮಧ್ಯಾಹ್ನ, ಅದೂ ಐದಾರು ನಿಮಿಷ, ಅದೂ ತುಂಡು ತುಂಡಾಗಿ. ಚಿಕ್ಕಮ್ಮ ಸ್ಪೀಕರ್ ಹಾಕಿ ಮಾತಾಡುತ್ತಿದ್ದರು. ಚಿಕ್ಕಪ್ಪ ಎರಡು ಮಾರು ದೂರದಲ್ಲಿ, ನಮಗೆ ಬೆನ್ನು ಹಾಕಿ, ಕೈಯಲ್ಲೊಂದು ಕೊಬ್ಬರಿ ಹಿಡಿದು ಕೂರುತ್ತಿದ್ದರು. ಆ ಹೊತ್ತಿನಲ್ಲಿ ಮಾತ್ರ ಅದನ್ನು ಅಲ್ಲಾಡಿಸುತ್ತಿರಲಿಲ್ಲ. ಸದ್ದಾದರೆ ಫೋನು ಕೇಳಿಸುವುದಿಲ್ಲವಲ್ಲ!

"ನೀರು ಸೋಸಿ ಕುಡೀತಿದಾಳಾ, ಕೇಳು" ಎಂದು ಗೋಡೆಗೆ ಹೇಳುತ್ತಿದ್ದರು. ಸೋಸದ ನೀರು ಕುಡಿಯಬಾರದೆಂಬುದು ನಮ್ಮವರ ಇನ್ನೊಂದು ನೇಮ. ಚಿಕ್ಕಮ್ಮ ಅದನ್ನು ಫೋನಿಗೆ ದಾಟಿಸುತ್ತಿದ್ದರು.

"ಕೇಳಿದೋರಿಗೆ ಹೇಳಮ್ಮ," ಆ ಕಡೆಯಿಂದ ಉತ್ತರ, "ಇಲ್ಲಿ ನನ್ನ ಕೆಲಸವೇ ನೀರು ಸೋಸೋದು. ಸಮುದ್ರದ ಬೇರೆ ಬೇರೆ ಆಳದಿಂದ ನೀರು ಎತ್ತಿ ದಿನಾ ಸೋಸ್ತಾ ಇದೀನಿ."

ಅವತ್ತು ಸಂಜೆಯಿಡೀ ಚಿಕ್ಕಪ್ಪ ಬಸದಿಯ ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದರು: "ನಮ್ಮನೆ ಹುಡುಗಿ ಸಮುದ್ರವನ್ನೇ ಸೋಸ್ತಿದಾಳೆ!" ಬೀದಿಯವರಿಗೆಲ್ಲ ಹೇಳಿದರು. ಅವಳಿಗೊಬ್ಬಳಿಗೆ ಹೇಳಲಿಲ್ಲ.

"ಒಂದು ಸಲ ನೀವೇ ಮಾತಾಡಿ ಚಿಕ್ಕಪ್ಪ" ಎಂದು ನಾನು ಎಷ್ಟೋ ಸಲ ಫೋನು ಚಾಚಿದ್ದೇನೆ. "ಅವಳೇ ಕರೀಲಿ" ಎನ್ನುತ್ತಿದ್ದರು. ಅವಳನ್ನು ಕೇಳಿದರೆ, "ಪಂಕ್ತಿಗೆ ಬೇಡ ಅಂದೋರು ಅವರು. ಬಾ ಅನ್ನೋದೂ ಅವರೇ ಆಗ್ಬೇಕು ಅಕ್ಕ" ಎನ್ನುತ್ತಿದ್ದಳು. ಇಬ್ಬರ ನಡುವೆ ನಾನೂ ಚಿಕ್ಕಮ್ಮನೂ ಪೋಸ್ಟ್‌ಮ್ಯಾನ್ ಕೆಲಸ ಮಾಡಿ ಸುಸ್ತಾದೆವು. ಹಡಗಿನ ಮೇಲೆ ಏನಾದರೂ ಹೆಚ್ಚುಕಮ್ಮಿಯಾದರೆ 'ಬಾ' ಎಂಬ ಆ ಒಂದಕ್ಷರ ಹೇಳದೆಯೇ ಉಳಿದುಬಿಡುತ್ತದಲ್ಲ ಎಂಬ ಭಯ ನನಗೆ ಒಳಗೊಳಗೇ ಇತ್ತು. ಚಿಕ್ಕಪ್ಪನಿಗೂ ಇತ್ತು ಎಂದು ಈಗ ಗೊತ್ತಾಗುತ್ತದೆ.

ಈ ನಡುವೆ ಅಟ್ಲಾಸು ಒಂದು ಬಾಂಬು ಹಾಕಿತು. ಅಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲವಂತೆ! ಚಿಕ್ಕಪ್ಪ ತಬ್ಬಿಬ್ಬಾದರು. ಸೂರ್ಯ ಮುಳುಗದಿದ್ದರೆ ಊಟ ಯಾವಾಗ ನಿಲ್ಲಿಸಬೇಕು? ಹತ್ತು ಗಂಟೆಗೂ ಉಣ್ಣಬಹುದೇ? ಹನ್ನೆರಡಕ್ಕೆ? ಬಸದಿಯ ಪುರೋಹಿತರ ಬಳಿ ಓಡಿದರು. ನಾನೂ ಹಿಂದೆ ಹೋದೆ. ಪುರೋಹಿತರು ಪೂರ್ತಿ ಕೇಳಿಸಿಕೊಂಡು, ಕಣ್ಣು ಮುಚ್ಚಿ ತೆರೆದು, ಹೇಳಿದರು:

"ಸೂರ್ಯ ಮುಳುಗದೇ ಇರೋ ಊರಿಂದ ಇದುವರೆಗೆ ಯಾರೂ ಬಂದು ನನ್ನ ಕೇಳಿಲ್ಲ ಕಣ್ರೀ. ಅಲ್ಲಿ ಏನು ಮಾಡ್ತಾರೆ ಅಂತ ನಿಮ್ಮ ಮಗಳನ್ನೇ ಕೇಳಿ ನಂಗೂ ಹೇಳಿ."

ಎಲ್ಲರನ್ನೂ ಕೇಳಬಹುದಿತ್ತು, ಅವಳನ್ನೊಬ್ಬಳನ್ನು ಬಿಟ್ಟು. ಚಿಕ್ಕಪ್ಪ ಮನೆಗೆ ನಡೆದರು. ಕರಿಹಲಗೆಯ ಮೇಲೆ ಎರಡು ದಿನ ಧಾರಣೆ ಮಾತ್ರ ಇತ್ತು.

ಮಾರ್ಚ್ ಬಂತು. ಅಲ್ಲಿ ಬೇಸಿಗೆ ಮುಗಿದು ಸಮುದ್ರದ ಅಂಚು ಮತ್ತೆ ಹೆಪ್ಪುಗಟ್ಟಲು ಶುರುವಾಗುವ ಕಾಲ, ಹಡಗು ಹಿಂದಿರುಗುವ ಕಾಲ. ಒಂದು ಭಾನುವಾರ ಮಧ್ಯಾಹ್ನ ಫೋನು ಬರಲಿಲ್ಲ. ಮೂರಾಯಿತು, ನಾಲ್ಕಾಯಿತು, ಐದಾಯಿತು. ಚಿಕ್ಕಮ್ಮ ಅಡುಗೆಮನೆಗೂ ನಡುಮನೆಗೂ ಓಡಾಡುತ್ತಲೇ ಅಡುಗೆ ಮುಗಿಸಿದರು. ಚಿಕ್ಕಪ್ಪ ಅಟ್ಲಾಸು ತೆರೆದು ಒಂದೇ ಪುಟ ನೋಡುತ್ತಿದ್ದರು. ಆರು ಗಂಟೆಗೆ ತಟ್ಟೆ ಹಾಕಿದೆವು. ಚಿಕ್ಕಪ್ಪ ಕೂತರು, ತುತ್ತು ಎತ್ತಲಿಲ್ಲ. ಅಷ್ಟರಲ್ಲಿ ಫೋನು ಬಂತು.

"ಅಮ್ಮಾ, ಗಾಳಿ ಜೋರಿತ್ತು, ಬೆಳಿಗ್ಗೆಯಿಂದ ಸಿಗ್ನಲ್ಲೇ ಇರ್ಲಿಲ್ಲ. ಚೆನ್ನಾಗಿದೀನಿ."

ಚಿಕ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. ಮಾತಾಡುವ ಕೆಲಸ ನನ್ನ ಪಾಲಿಗೆ ಬಂತು. ಚಿಕ್ಕಪ್ಪ ತಟ್ಟೆಗೆ ಹೇಳಿದರು: "ಅಲ್ಲಿ ಈಗ ಸೂರ್ಯ ಮುಳುಗ್ತಾನಾ, ಕೇಳು."

ಕೇಳಿದೆ.

"ನಂಗೊತ್ತಿಲ್ಲ ಅಕ್ಕ, ನಾನು ನೋಡೋದೇ ಇಲ್ಲ" ಎಂದಳು. "ಇಲ್ಲಿ ಸೂರ್ಯನ್ನ ನಂಬೋ ಹಾಗಿಲ್ಲ. ಮೊದಮೊದ್ಲು ಮುಳುಗ್ತಾನೇ ಇರ್ಲಿಲ್ಲ. ಅದಕ್ಕೆ ಒಂದು ವಾಚು ನಮ್ಮೂರಿನ ಟೈಮಿಗೇ ಇಟ್ಕೊಂಡಿದೀನಿ. ಅಪ್ಪ ಬಾಯಿ ಮುಕ್ಕಳಿಸಿ ಮಹಡಿ ಹತ್ತೋ ಹೊತ್ತಿಗೆ ನನ್ನೂಟಾನೂ ಮುಗಿದಿರತ್ತೆ. ಹಡಗಲ್ಲಿ ಈಗ ಮಧ್ಯಾಹ್ನ ಎರಡೂವರೆ. ಎರಡೂವರೆಗೆ ರಾತ್ರಿಯೂಟ ಮಾಡೋಳು ಅಂತ ಎಲ್ಲರೂ ನಗ್ತಾರೆ."

ನಾಲ್ಕು ತಿಂಗಳು! ದಿನವೂ ಎರಡೂವರೆಗೆ ಉಂಡು, ಆ ಚಳಿಯಲ್ಲಿ, ಮಾರನೆಯ ದಿನದವರೆಗೆ ಬರಿಹೊಟ್ಟೆಯಲ್ಲಿ ನೀರು ಎತ್ತಿ, ನೀರು ಸೋಸಿದ್ದಳು. ಚಿಕ್ಕಪ್ಪ ಎದ್ದರು. ಎಡಗೈ ಚಾಚಿ ಫೋನು ತೆಗೆದುಕೊಂಡರು. ಅಭ್ಯಾಸ ಎಲ್ಲಿ ಹೋಗುತ್ತದೆ, ಕಿವಿಯ ಹತ್ತಿರ ಒಯ್ದು ಒಮ್ಮೆ ಅಲ್ಲಾಡಿಸಿಯೇಬಿಟ್ಟರು. ಯಾರೂ ನಗಲಿಲ್ಲ.

"ಊಟ ಆಯ್ತಾ?" ಎಂದರು.

ಆ ಕಡೆ ತಟ್ಟೆ ಸರಿದ ಸದ್ದು. ಆಮೇಲೆ, "ಇಲ್ಲಪ್ಪ. ತಟ್ಟೆ ಮುಂದೆ ಇಟ್ಕೊಂಡೇ ಫೋನ್ ಮಾಡ್ದೆ."

"ಏನಿದೆ ತಟ್ಟೇಲಿ?"

"ಅನ್ನ, ಬೇಳೆ. ಅಮ್ಮ ಕೊಟ್ಟ ಚಟ್ನಿಪುಡಿ ಇನ್ನೂ ಸ್ವಲ್ಪ ಇದೆ."

ಚಿಕ್ಕಪ್ಪ ಕಿಟಕಿಯ ಕಡೆ ನೋಡಿದರು. ಬಿಸಿಲು ಗೋಡೆಯ ಮೇಲಿನ್ನೂ ಇತ್ತು.

"ಇನ್ನೂ ಇಪ್ಪತ್ತು ನಿಮಿಷ ಇದೆ" ಎಂದರು. "ಫೋನ್ ಇಡ್ಬೇಡ. ಪಂಕ್ತಿಗೆ ಕೂತ್ಕೋ ಮಗಳೇ."

ಫೋನನ್ನು ನೀರಿನ ಚೊಂಬಿಗೆ ಒರಗಿಸಿ ತಮ್ಮ ಪಕ್ಕದಲ್ಲಿಟ್ಟುಕೊಂಡರು. ಚಿಕ್ಕಮ್ಮ ಕಣ್ಣೊರೆಸಿಕೊಂಡು ಬಡಿಸಿದರು. ಆ ಕಡೆಯಿಂದ ಚಮಚ ತಟ್ಟೆಗೆ ತಾಗುವ ಸದ್ದು ಆಗಾಗ ಕೇಳುತ್ತಿತ್ತು, ಕೇಳದಿದ್ದಾಗ ಚಿಕ್ಕಪ್ಪ ತುತ್ತು ನಿಲ್ಲಿಸಿ ಕಾಯುತ್ತಿದ್ದರು.

ಅವತ್ತಿನ ಗಾಬರಿಯಲ್ಲಿ ಚಿಕ್ಕಮ್ಮ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದರು. ಬೇಲೂರಿನ ಕೊಪ್ಪರಿಗೆಯ ತಳದ ಉಪ್ಪನ್ನು ಪತ್ತೆಹಚ್ಚಿದ ನಮ್ಮ ಚಿಕ್ಕಪ್ಪ ಆ ಸಾರನ್ನು ಎರಡು ಸಲ ಹಾಕಿಸಿಕೊಂಡು ಉಂಡರು.